‘ಬಂದರೆ’ ಬೇರೆ, ‘ಬಂದರೆ ಮಾತ್ರ’ ಬೇರೆ: ಕಾನೂನು ಪ್ರವೇಶ ಪರೀಕ್ಷೆಯ ತರ್ಕದಾಟಗಳು, ಓದುಗರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ‘ಆರು ಜನ, ಆರು ಜಾಗ, ನಾಲ್ಕು ನಿಯಮ, ಯಾರು ಎಲ್ಲಿ?’ ಎಂಬ ಜಾತಿಯ ಒಗಟುಗಳು ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಬಂದಾಗ ಏನು ಮಾಡಬೇಕು ಎಂಬುದು. ವಿದ್ಯಾರ್ಥಿಗಳು ಇವನ್ನು ಲಾಜಿಕ್ ಗೇಮ್ ಎನ್ನುತ್ತಾರೆ. ಪರೀಕ್ಷೆಯ ಭಾಷೆಯಲ್ಲಿ ಅನಲಿಟಿಕಲ್ ರೀಸನಿಂಗ್. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಇಲ್ಲಿರುವ ಒಗಟುಗಳನ್ನು ಈ ಅಂಕಣಕ್ಕೆಂದೇ ಕಟ್ಟಿದ್ದು. ಪೆನ್ಸಿಲ್ ಮತ್ತು ಒಂದು ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ.

ಅಮೆರಿಕದ ಎಲ್‌ಸ್ಯಾಟ್ ಪರೀಕ್ಷೆಯ ಹಳೆಯ ಪುಸ್ತಕವೊಂದು ಸಿಕ್ಕಿದೆ. ಅದರ ತುಂಬ ಲಾಜಿಕ್ ಗೇಮ್‌ಗಳಿವೆ. ಆ ಪರೀಕ್ಷೆಯಲ್ಲೇ ಈಗ ಅವಿಲ್ಲ ಎನ್ನುತ್ತಾರೆ. ಹಾಗಾದರೆ ಓದುವುದು ವ್ಯರ್ಥವೇ? (ದ್ವಿತೀಯ ಪಿಯು ವಿದ್ಯಾರ್ಥಿನಿ, ದಾವಣಗೆರೆ)

ನೀವು ಕೇಳಿದ್ದು ನಿಜ. ಎಲ್‌ಸ್ಯಾಟ್‌ನಲ್ಲಿ ದಶಕಗಳ ಕಾಲ ಈ ಆಟಗಳಿಗೇ ಮೀಸಲಾದ ಒಂದು ಭಾಗವಿತ್ತು: 35 ನಿಮಿಷ, 4 ಆಟ, ಸುಮಾರು 23 ಪ್ರಶ್ನೆ. 2024ರ ಜೂನ್ ಪರೀಕ್ಷೆಯೇ ಕೊನೆ. ಆಗಸ್ಟ್‌ನಿಂದ ಆ ಭಾಗವನ್ನು ತೆಗೆದು ಅದರ ಜಾಗಕ್ಕೆ ಎರಡನೆಯ ಲಾಜಿಕಲ್ ರೀಸನಿಂಗ್ (ಚಿಕ್ಕ ವಾದಗಳನ್ನು ಓದಿ ವಿಮರ್ಶಿಸುವ) ಭಾಗವನ್ನು ಸೇರಿಸಿದರು. ಹಿಂದಿನ ಕಾರಣ ತಿಳಿದುಕೊಳ್ಳುವಂಥದ್ದು. ಈ ಆಟಗಳನ್ನು ಚಿತ್ರ ಬರೆದು ಬಿಡಿಸುವುದೇ ರೂಢಿ, ಕಣ್ಣು ಕಾಣದವರಿಗೆ ಇದು ಅನ್ಯಾಯ ಎಂದು ದೃಷ್ಟಿದೋಷವಿರುವ ಅಭ್ಯರ್ಥಿಗಳು ನ್ಯಾಯಾಲಯಕ್ಕೆ ಹೋಗಿದ್ದರು. 2019ರಲ್ಲಿ ರಾಜಿಯಾಯಿತು, ತರ್ಕಶಕ್ತಿಯನ್ನು ಅಳೆಯಲು ಬೇರೆ ದಾರಿ ಹುಡುಕಲು ಪರೀಕ್ಷೆ ನಡೆಸುವ ಮಂಡಳಿ ಒಪ್ಪಿಕೊಂಡಿತು. ನಮ್ಮಲ್ಲಿ ನಡೆಯುತ್ತಿದ್ದ ಎಲ್‌ಸ್ಯಾಟ್ ಇಂಡಿಯಾ ಕೂಡ 2024ರೊಂದಿಗೆ ಮುಗಿಯಿತು.

ಆದರೆ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಐಲೆಟ್ ಬರೆಯುವುದಾದರೆ ಆ ಪುಸ್ತಕ ಚಿನ್ನ. ಐಲೆಟ್‌ನ 150 ಪ್ರಶ್ನೆಗಳಲ್ಲಿ 70 ತರ್ಕದ್ದೇ. ವಾದವಿಮರ್ಶೆಯ ಜೊತೆಗೆ ಸಾಲು ಜೋಡಣೆ, ವೃತ್ತಾಕಾರದ ಆಸನ, ಆಯ್ಕೆಯ ಒಗಟು, ರಕ್ತಸಂಬಂಧಗಳೂ ಅದರಲ್ಲಿ ಬರುತ್ತವೆ. ಉಳಿದ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಕ್ಲಾಟ್‌ನ ಕಥೆ ಬೇರೆ: 120 ಪ್ರಶ್ನೆಗಳಲ್ಲಿ ತರ್ಕದವು 22ರಿಂದ 26, ಎಲ್ಲವೂ ಒಂದು ಗದ್ಯಭಾಗವನ್ನು ಆಧರಿಸಿದವು. ಕ್ಲಾಟ್ ಮಾತ್ರ ಬರೆಯುವವರು ಆಟಗಳ ಮೇಲೆ ತಿಂಗಳುಗಟ್ಟಲೆ ಕೂರಬೇಕಿಲ್ಲ. ಎಲ್‌ಸ್ಯಾಟ್‌ನ ಹಳೆಯ ಆಟಗಳ ಗುಣವೆಂದರೆ ನಿಯಮಗಳ ವಾಕ್ಯದಲ್ಲಿ ಒಂದು ಪದವೂ ಸಡಿಲವಿಲ್ಲ. ಮಾರುಕಟ್ಟೆಯ ಅನೇಕ ಮಾದರಿ ಪುಸ್ತಕಗಳಲ್ಲಿ ಎರಡು ಉತ್ತರ ಬರುವ ಒಗಟುಗಳಿರುತ್ತವೆ. ಕಲಿಯುವ ಹಂತದಲ್ಲಿ ಅವು ತಲೆ ಕೆಡಿಸುತ್ತವೆ. ಒಂದು ವ್ಯತ್ಯಾಸ ನೆನಪಿರಲಿ: ಎಲ್‌ಸ್ಯಾಟ್‌ನಲ್ಲಿ ಐದು ಆಯ್ಕೆ, ತಪ್ಪಿಗೆ ಅಂಕ ಕಡಿತವಿಲ್ಲ, ಐಲೆಟ್‌ನಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ 0.25 ಕಡಿತ.

ಒಗಟು ಓದಿದ ಕೂಡಲೇ ಪ್ರಶ್ನೆಗೆ ಹಾರುತ್ತೇನೆ. ಪ್ರತಿ ಪ್ರಶ್ನೆಗೂ ಮೊದಲಿಂದ ಜೋಡಿಸುತ್ತ ಕೂರಬೇಕಾಗುತ್ತದೆ. ಸರಿಯಾದ ಕ್ರಮ ಯಾವುದು? (ಶಿರಸಿ, ಹಾಸನ ಮತ್ತು ಬಳ್ಳಾರಿಯ ಓದುಗರು)

ಪ್ರಶ್ನೆಗೆ ಹೋಗುವ ಮೊದಲು ಎರಡು ನಿಮಿಷ ನಿಯಮಗಳ ಜೊತೆಗೇ ಕಳೆಯಬೇಕು. ಆ ಎರಡು ನಿಮಿಷ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಆಟದಲ್ಲೇ ನೋಡೋಣ.

ಮೊಕದ್ದಮೆಯೊಂದರಲ್ಲಿ ಆರು ಸಾಕ್ಷಿಗಳು: ಅನಸೂಯಾ, ಬಸವರಾಜ, ಚಂದ್ರಿಕಾ, ದೇವಪ್ಪ, ಈರಣ್ಣ, ಫಾತಿಮಾ. ಒಬ್ಬರ ನಂತರ ಒಬ್ಬರು ಸಾಕ್ಷಿ ಹೇಳುತ್ತಾರೆ. (1) ಅನಸೂಯಾಳದು ಮುಗಿದ ಕೂಡಲೇ ಬಸವರಾಜನದು. (2) ಚಂದ್ರಿಕಾ ಅನಸೂಯಾಳಿಗಿಂತ ಮೊದಲು ಯಾವಾಗಲಾದರೂ. (3) ದೇವಪ್ಪ ಮೂರನೆಯವನು. (4) ಈರಣ್ಣ ದೇವಪ್ಪನಿಗಿಂತ ಮೊದಲು ಬಂದರೆ ಫಾತಿಮಾ ಕೊನೆಯವಳು.

ಮೊದಲು 1ರಿಂದ 6ರವರೆಗೆ ಆರು ಗೆರೆ ಎಳೆಯಿರಿ. ಹೆಸರುಗಳ ಮೊದಲಕ್ಷರ ಸಾಕು: ಅ, ಬ, ಚ, ದ, ಈ, ಫ. ನಿಯಮ 1ಕ್ಕೆ ‘ಅಬ’ ಎಂದು ಅಂಟಿಸಿ ಬರೆದು ಸುತ್ತ ಪೆಟ್ಟಿಗೆ ಹಾಕಿ. ನಿಯಮ 2ಕ್ಕೆ ‘ಚ … ಅ’ ಎಂದು ನಡುವೆ ಚುಕ್ಕಿ ಇಡಿ. ಚುಕ್ಕಿ ಮರೆತರೆ ಐದು ನಿಮಿಷದ ನಂತರ ನಿಮ್ಮದೇ ಬರಹ ನಿಮಗೆ ಮೋಸ ಮಾಡುತ್ತದೆ: ‘ಚಅ’ ಕೂಡ ಅಂಟಿಕೊಂಡಿದೆ ಎಂದುಕೊಳ್ಳುತ್ತೀರಿ. ನಿಯಮ 3 ನೇರ ಗೆರೆಯ ಮೇಲೆ ಹೋಗಲಿ.

ಈಗ ಒಂದೇ ವ್ಯಕ್ತಿ ಎರಡು ನಿಯಮಗಳಲ್ಲಿ ಬಂದಿದ್ದಾನೆಯೇ ಎಂದು ಹುಡುಕಿ. ತೀರ್ಮಾನಗಳು ಹುಟ್ಟುವುದು ಅಲ್ಲಿಯೇ. ಅ ಎರಡರಲ್ಲಿದ್ದಾಳೆ. ‘ಅಬ’ ಪೆಟ್ಟಿಗೆಗೆ ಎರಡು ಪಕ್ಕದ ಜಾಗ ಬೇಕು. 1-2 ಆಗದು, ಚ ಅವಳಿಗಿಂತ ಮೊದಲು ಬರಬೇಕು. 2-3, 3-4 ಆಗದು, ಮೂರರಲ್ಲಿ ದ ಕೂತಿದ್ದಾನೆ. ಉಳಿದದ್ದು 4-5 ಮತ್ತು 5-6, ಎರಡೇ. ಹೀಗೆ ಆಟ ಎರಡು ಹೋಳಾದಾಗ ಎರಡೂ ಹೋಳನ್ನು ಬರೆದುಬಿಡುವುದು ಲಾಭ.

ಮೊದಲ ಹೋಳು, ಅಬ 4-5ರಲ್ಲಿ. ಖಾಲಿ ಇರುವುದು 1, 2, 6. ಚ ಆರರಲ್ಲಿ ಕೂರಲಾರಳು. ಆರರಲ್ಲಿ ಈ ಇದ್ದರೆ ಚ, ಫ ಇಬ್ಬರೂ 1-2ರಲ್ಲಿ ಹೇಗಾದರೂ ಇರಬಹುದು. ಆರರಲ್ಲಿ ಫ ಇದ್ದರೆ ಚ, ಈರಣ್ಣ 1-2ರಲ್ಲಿ. ನಾಲ್ಕು ಜೋಡಣೆ.

ಎರಡನೆಯ ಹೋಳು, ಅಬ 5-6ರಲ್ಲಿ. ಕೊನೆಯಲ್ಲಿ ಬಸವರಾಜ ಇರುವುದರಿಂದ ಫಾತಿಮಾ ಕೊನೆಯವಳಲ್ಲ. ಹಾಗಾದರೆ ಈರಣ್ಣ ದೇವಪ್ಪನಿಗಿಂತ ಮೊದಲು ಬಂದಿರಲು ಸಾಧ್ಯವಿಲ್ಲ; ಬಂದಿದ್ದರೆ ನಿಯಮ 4 ಅವಳನ್ನು ಕೊನೆಗೆ ತಳ್ಳುತ್ತಿತ್ತು. ಆದ್ದರಿಂದ ಈರಣ್ಣ ನಾಲ್ಕರಲ್ಲಿ, ಚ ಮತ್ತು ಫ 1-2ರಲ್ಲಿ. ಎರಡು ಜೋಡಣೆ.

720 ಜೋಡಣೆಗಳಿಗೆ ಅವಕಾಶವಿದ್ದ ಆಟ ಆರಕ್ಕೆ ಇಳಿಯಿತು. ಯಾವ ನಿಯಮವೂ ಹೇಳದ ಒಂದು ಸತ್ಯವೂ ಸಿಕ್ಕಿತು: ಚಂದ್ರಿಕಾ ಯಾವಾಗಲೂ ಮೊದಲನೆಯವಳು ಇಲ್ಲವೇ ಎರಡನೆಯವಳು. ‘ಯಾವುದು ನಿಜವಾಗಲೇಬೇಕು?’ ಎಂಬ ಪ್ರಶ್ನೆ ಬಂದರೆ ಉತ್ತರ ಬಹುಪಾಲು ಇಂಥದ್ದೇ. ‘ಈರಣ್ಣ ಎರಡನೆಯವನಾದರೆ?’ ಎಂದು ಕೇಳಿದರೆ ಯೋಚಿಸಬೇಕಿಲ್ಲ, ಚ-ಈ-ದ-ಅ-ಬ-ಫ ಒಂದೇ.

ಪ್ರಶ್ನೆಗಳನ್ನೂ ಕೊಟ್ಟ ಕ್ರಮದಲ್ಲೇ ಮಾಡಬೇಕೆಂದಿಲ್ಲ. ‘ಕೆಳಗಿನ ಯಾವ ಜೋಡಣೆ ಒಪ್ಪಿತ?’ ಎಂಬುದನ್ನು ಮೊದಲು ಮಾಡಿ. ಅದಕ್ಕೆ ಚಿತ್ರವೂ ಬೇಡ. ಒಂದು ನಿಯಮ ಹಿಡಿದು ಎಲ್ಲ ಆಯ್ಕೆಗಳ ಮೇಲೆ ಓಡಿಸಿ, ಮುರಿದದ್ದನ್ನು ಹೊಡೆದುಹಾಕಿ, ಮುಂದಿನ ನಿಯಮ ಹಿಡಿಯಿರಿ. ಆಯ್ಕೆ ಹಿಡಿದು ನಿಯಮಗಳ ಮೇಲೆ ಓಡಿಸಿದರೆ ದುಪ್ಪಟ್ಟು ಸಮಯ. ಆಮೇಲೆ ‘ಒಂದು ವೇಳೆ ಇಂಥವರು ಇಲ್ಲಿದ್ದರೆ’ ಎಂಬ ಪ್ರಶ್ನೆಗಳು. ಯಾವ ಷರತ್ತೂ ಇಲ್ಲದ ‘ಯಾವುದು ಸಾಧ್ಯ’, ‘ಯಾವುದು ಅಸಾಧ್ಯ’ ಪ್ರಶ್ನೆಗಳು ಕೊನೆಗೆ, ಏಕೆಂದರೆ ಅಷ್ಟರಲ್ಲಿ ನಿಮ್ಮ ಹಾಳೆಯಲ್ಲಿ ಮೂರ್ನಾಲ್ಕು ಸರಿಯಾದ ಜೋಡಣೆ ಬಿದ್ದಿರುತ್ತವೆ. ಅವನ್ನೇ ನೋಡಿ ಅರ್ಧ ಆಯ್ಕೆಗಳನ್ನು ತೆಗೆಯಬಹುದು. ಹಾಗಾಗಿ ಒಂದು ಪ್ರಶ್ನೆಗೆ ಬರೆದ ಜೋಡಣೆಯನ್ನು ಅಳಿಸಬೇಡಿ. ಪಕ್ಕದಲ್ಲಿ ಪ್ರಶ್ನೆ ಸಂಖ್ಯೆ ಹಾಕಿ ಬಿಡಿ.

ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ‘ಇಫ್’ ಇದ್ದರೆ ಗೊತ್ತಾಗುತ್ತದೆ. ‘ಓನ್ಲಿ ಇಫ್’, ‘ಅನ್‌ಲೆಸ್’ ಬಂದರೆ ಬಾಣ ಯಾವ ಕಡೆ ಹಾಕಬೇಕೆಂದು ಪ್ರತಿ ಸಲ ಗೊಂದಲ. (ಕಲಬುರಗಿ)

ಇದು ಕನ್ನಡ ಮಾಧ್ಯಮದವರ ಕಷ್ಟ ಮಾತ್ರವಲ್ಲ, ಇಂಗ್ಲಿಷ್ ಮನೆಮಾತಿನವರೂ ಇಲ್ಲೇ ಎಡವುತ್ತಾರೆ. ವಾಸ್ತವದಲ್ಲಿ ಕನ್ನಡ ನಿಮಗೆ ಸಹಾಯಕ್ಕಿದೆ. ಎರಡು ವಾಕ್ಯ ಜೋರಾಗಿ ಹೇಳಿಕೊಳ್ಳಿ.

‘ಕಾವ್ಯಾ ಬಂದರೆ ಜಯಂತ ಬರುತ್ತಾನೆ.’ ಕಾವ್ಯಾಳನ್ನು ನೋಡಿದ ಕೂಡಲೇ ಜಯಂತನೂ ಇದ್ದಾನೆ ಎಂದು ಹೇಳಬಹುದು. ಬಾಣ: ಕಾ → ಜ. ಜಯಂತ ಒಬ್ಬನೇ ಬಂದರೂ ಮಾತು ಸುಳ್ಳಾಗದು.

‘ಕಾವ್ಯಾ ಬಂದರೆ ಮಾತ್ರ ಜಯಂತ ಬರುತ್ತಾನೆ.’ ಈಗ ಜಯಂತನನ್ನು ನೋಡಿದರೆ ಕಾವ್ಯಾ ಬಂದಿದ್ದಾಳೆ ಎಂದು ಹೇಳಬಹುದು. ಬಾಣ: ಜ → ಕಾ. ಕಾವ್ಯಾ ಬಂದೂ ಜಯಂತ ಬಾರದೆ ಇರಬಹುದು. ‘ಮಾತ್ರ’ ಬಾಣವನ್ನು ತಿರುಗಿಸಿತು. ‘ಓನ್ಲಿ ಇಫ್’ ಕಂಡಲ್ಲೆಲ್ಲ ಮನಸ್ಸಿನಲ್ಲಿ ‘-ರೆ ಮಾತ್ರ’ ಎಂದು ಓದಿ; ಅದರ ಹಿಂದೆ ಬರುವುದು ಬಾಣದ ತುದಿಗೆ ಹೋಗುತ್ತದೆ.

‘ಅನ್‌ಲೆಸ್’ಗೆ ಕನ್ನಡದಲ್ಲಿ ‘ಹೊರತು’ ಇದೆ, ಆದರೆ ಲೆಕ್ಕಕ್ಕೆ ಸುಲಭವಾದದ್ದು ‘ಇಲ್ಲದಿದ್ದರೆ’. ‘ಪ್ರಮೋದ ಇರುತ್ತಾನೆ, ಅನ್‌ಲೆಸ್ ನಳಿನಿ ಇದ್ದಾಳೆ’ ಎಂದರೆ ‘ನಳಿನಿ ಇಲ್ಲದಿದ್ದರೆ ಪ್ರಮೋದ ಇರುತ್ತಾನೆ’. ಇಬ್ಬರಲ್ಲಿ ಒಬ್ಬರಾದರೂ ಇರಲೇಬೇಕು ಎಂಬುದೇ ಇದರ ತಿರುಳು. ಇಬ್ಬರೂ ಇರಬಹುದು, ಬಹಳ ಜನ ‘ನಳಿನಿ ಇದ್ದರೆ ಪ್ರಮೋದ ಇಲ್ಲ’ ಎಂದು ತಾವೇ ಸೇರಿಸಿಕೊಳ್ಳುತ್ತಾರೆ. ನಿಯಮ ಹಾಗೆ ಹೇಳಿಲ್ಲ.

ಪ್ರತಿ ಬಾಣಕ್ಕೂ ಒಂದು ಜೊತೆ ಬಾಣವಿರುತ್ತದೆ, ಕಾಂಟ್ರಾಪಾಸಿಟಿವ್: ತುದಿಗಳನ್ನು ಅದಲುಬದಲು ಮಾಡಿ ಎರಡಕ್ಕೂ ‘ಇಲ್ಲ’ ಸೇರಿಸುವುದು. ಜ → ಕಾ ಆದರೆ ಕಾ ಇಲ್ಲ → ಜ ಇಲ್ಲ. ಎರಡೂ ಕೆಲಸ ಒಟ್ಟಿಗೆ ಆಗಬೇಕು. ಬರೀ ತುದಿ ಬದಲಿಸಿದರೂ ತಪ್ಪು, ಬರೀ ‘ಇಲ್ಲ’ ಸೇರಿಸಿದರೂ ತಪ್ಪು. ಹಿಂದಿನ ಸಾಕ್ಷಿಗಳ ಆಟದಲ್ಲಿ ಫಾತಿಮಾ ಕೊನೆಯವಳಾದಾಗಲೆಲ್ಲ ಈರಣ್ಣ ದೇವಪ್ಪನಿಗಿಂತ ಮೊದಲೇ ಇದ್ದಾನೆ, ಗಮನಿಸಿದ್ದೀರಾ? ಅದಕ್ಕೆ ಕಾರಣ ನಿಯಮ 4 ಅಲ್ಲ. ಉಳಿದ ಖಾಲಿ ಜಾಗ 1 ಮತ್ತು 2 ಮಾತ್ರ ಎಂಬುದು. ನಿಯಮವನ್ನು ತಿರುಗಿಸಿ ಓದಿದವರಿಗೂ ಅಲ್ಲಿ ಅದೃಷ್ಟವಶಾತ್ ಸರಿ ಉತ್ತರ ಬರುತ್ತಿತ್ತು, ಮುಂದಿನ ಆಟದಲ್ಲಿ ಬರುತ್ತಿರಲಿಲ್ಲ.

ಈಗ ಆಟ. ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ತಂಡಕ್ಕೆ ಏಳು ಜನರಲ್ಲಿ ನಾಲ್ವರು ಬೇಕು: ಕಾವ್ಯಾ, ಗಿರೀಶ, ಜಯಂತ, ನಳಿನಿ, ಪ್ರಮೋದ, ಮಾಲತಿ, ವಿನುತಾ. ಕಾವ್ಯಾ ಮತ್ತು ಗಿರೀಶ ಒಟ್ಟಿಗೆ ಇರಬಾರದು. ಕಾವ್ಯಾ ಇದ್ದರೆ ಮಾತ್ರ ಜಯಂತ. ನಳಿನಿ ಇಲ್ಲದಿದ್ದರೆ ಪ್ರಮೋದ. ಮಾಲತಿ ಇದ್ದರೆ ಗಿರೀಶ.

ಬಿಡಿ ಬಾಣಗಳನ್ನು ಸರಪಣಿ ಮಾಡಿ: ಜ → ಕಾ → ಗಿ ಇಲ್ಲ → ಮಾ ಇಲ್ಲ. ಒಂದೇ ಸಾಲಿನಲ್ಲಿ ಮೂರು ನಿಯಮ ಕೂತವು. ಇದನ್ನೇ ಬಲದಿಂದ ಎಡಕ್ಕೆ ‘ಇಲ್ಲ’ ಬದಲಿಸುತ್ತ ಓದಿದರೆ ಮಾ → ಗಿ → ಕಾ ಇಲ್ಲ → ಜ ಇಲ್ಲ. ಜಯಂತ ಮತ್ತು ಮಾಲತಿ ಒಂದೇ ತಂಡದಲ್ಲಿ ಇರಲಾರರು ಎಂದು ಯಾವ ನಿಯಮವೂ ಹೇಳಿರಲಿಲ್ಲ, ಸರಪಣಿ ಹೇಳಿತು.

ಆಯ್ಕೆಯ ಆಟದಲ್ಲಿ ಇನ್ನೊಂದು ಆಯುಧವಿದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ: ತಲೆ ಎಣಿಕೆ. ನಾಲ್ವರು ಒಳಗೆ ಎಂದರೆ ಮೂವರು ಹೊರಗೆ. ಕಾವ್ಯಾ, ಗಿರೀಶ ಇಬ್ಬರೂ ಹೊರಗಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಜಯಂತ ಹೊರಗೆ, ಮಾಲತಿಯೂ ಹೊರಗೆ. ಉಳಿದವರು ಮೂವರೇ, ತಂಡ ತುಂಬದು. ಆದ್ದರಿಂದ ಕಾವ್ಯಾ, ಗಿರೀಶರಲ್ಲಿ ಸರಿಯಾಗಿ ಒಬ್ಬರು ಪ್ರತಿ ತಂಡದಲ್ಲೂ ಇದ್ದೇ ಇರುತ್ತಾರೆ. ‘ಒಟ್ಟಿಗೆ ಇರಬಾರದು’ ಎಂಬ ನಿಯಮ ಎಣಿಕೆ ಸೇರಿದ ಕೂಡಲೇ ‘ಒಬ್ಬರು ಬೇಕೇ ಬೇಕು’ ಆಯಿತು. ಕಾವ್ಯಾ ಇದ್ದರೆ ಜೊತೆಗೆ ಜಯಂತ ಮಾತ್ರ ಬರಬಲ್ಲ, ಗಿರೀಶ ಇದ್ದರೆ ಮಾಲತಿ ಮಾತ್ರ. ಹಾಗಾಗಿ ನಳಿನಿ, ಪ್ರಮೋದ, ವಿನುತಾ ಈ ಮೂವರಲ್ಲಿ ಕನಿಷ್ಠ ಇಬ್ಬರು ಯಾವಾಗಲೂ ಒಳಗೆ. ವಿನುತಾ ಹೊರಗಾದರೆ ನಳಿನಿ, ಪ್ರಮೋದ ಇಬ್ಬರೂ ಖಚಿತ. ವಿನುತಾಳ ಮೇಲೆ ಒಂದೂ ನಿಯಮವಿಲ್ಲ ಎಂದು ಅವಳನ್ನು ಮರೆತವರು ಇಂಥ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ. ನಿಯಮವಿಲ್ಲದ ಹೆಸರಿನ ಸುತ್ತ ಒಂದು ವೃತ್ತ ಹಾಕಿಟ್ಟುಕೊಳ್ಳಿ.

‘ಮಸ್ಟ್ ಬಿ ಟ್ರೂ’, ‘ಕುಡ್ ಬಿ ಟ್ರೂ’, ‘ಎಕ್ಸೆಪ್ಟ್’: ಆಟ ಬಿಡಿಸಿದರೂ ಪ್ರಶ್ನೆ ತಪ್ಪಾಗಿ ಓದಿ ಅಂಕ ಹೋಗುತ್ತದೆ. (ಮೈಸೂರು)

ಸರಿ ಉತ್ತರ ಹೇಗಿರುತ್ತದೆ ಎನ್ನುವುದಕ್ಕಿಂತ ತಪ್ಪು ಆಯ್ಕೆಗಳು ಹೇಗಿರುತ್ತವೆ ಎಂದು ಮೊದಲು ಕೇಳಿಕೊಳ್ಳಿ. ‘ನಿಜವಾಗಲೇಬೇಕು’ ಎಂದು ಕೇಳಿದರೆ ತಪ್ಪು ಆಯ್ಕೆಗಳೆಲ್ಲ ‘ಸುಳ್ಳಾಗಬಹುದು’. ಒಂದು ಜೋಡಣೆಯಲ್ಲಿ ಮುರಿದರೂ ಸಾಕು, ಹೊಡೆದುಹಾಕಿ. ‘ನಿಜವಾಗಬಹುದು’ ಎಂದು ಕೇಳಿದರೆ ತಪ್ಪು ಆಯ್ಕೆಗಳೆಲ್ಲ ಪೂರಾ ಅಸಾಧ್ಯ. ಒಂದು ಜೋಡಣೆಯಲ್ಲಿ ಹೊಂದಿದರೂ ಅದೇ ಉತ್ತರ, ಉಳಿದವನ್ನು ನೋಡಲೇಬೇಡಿ. ‘ನಿಜವಾಗಬಹುದು, ಎಕ್ಸೆಪ್ಟ್’ ಎಂದರೆ ‘ಯಾವುದು ಅಸಾಧ್ಯ’. ‘ನಿಜವಾಗಲೇಬೇಕು, ಎಕ್ಸೆಪ್ಟ್’ ಎಂದರೆ ‘ಯಾವುದು ಸುಳ್ಳಾಗಬಹುದು’. ‘ಯಾವುದು ಸುಳ್ಳು’ ಅಲ್ಲ. ಕೊನೆಯ ಈ ಒಂದು ಮಾತಿನಲ್ಲೇ ಬಹಳ ಅಂಕ ಸೋರುತ್ತದೆ. ‘ಎಕ್ಸೆಪ್ಟ್’ ಕಂಡ ಕೂಡಲೇ ಪ್ರಶ್ನೆಯ ಪಕ್ಕ ಕನ್ನಡದಲ್ಲೇ ‘ಅಸಾಧ್ಯ?’ ಎಂದೋ ‘ಸುಳ್ಳಾಗಬಹುದೇ?’ ಎಂದೋ ಬರೆದುಕೊಳ್ಳಿ. ಐಲೆಟ್ ಕಾಗದದ ಮೇಲಿನ ಪರೀಕ್ಷೆ, ಪ್ರಶ್ನೆಪತ್ರಿಕೆಯ ಅಂಚು ಇರುವುದೇ ಅದಕ್ಕೆ.

ದುಂಡು ಮೇಜಿನ ಸುತ್ತ ಕೂರಿಸುವಾಗ ಎಡ ಬಲ ತಪ್ಪುತ್ತದೆ. (ಹುಬ್ಬಳ್ಳಿ)

ಮೊದಲ ವ್ಯಕ್ತಿಯನ್ನು ಯಾವಾಗಲೂ ವೃತ್ತದ ಕೆಳತುದಿಯಲ್ಲಿ, ನಿಮ್ಮ ಹೊಟ್ಟೆಯ ಹತ್ತಿರ ಕೂರಿಸಿ. ಅವನು ಕೇಂದ್ರಕ್ಕೆ ಮುಖ ಮಾಡಿದ್ದರೆ ಅವನ ಎಡಗೈ ನಿಮ್ಮ ಎಡಗೈ. ಅಲ್ಲಿಂದ ಎಡಕ್ಕೆ ಹೋಗುವುದು ಗಡಿಯಾರದ ದಿಕ್ಕು, ಬಲಕ್ಕೆ ಹೋಗುವುದು ಅದರ ವಿರುದ್ಧ. ಕೇಂದ್ರಕ್ಕೆ ಮುಖ ಮಾಡಿದ ಎಲ್ಲರಿಗೂ ಇದೇ. ಹೊರಗೆ ಮುಖ ಮಾಡಿದವರಿಗೆ ತಿರುಗುಮುರುಗು. ಕೆಲವರು ಒಳಗೆ, ಕೆಲವರು ಹೊರಗೆ ಎಂಬ ಒಗಟಿನಲ್ಲಿ ಪ್ರತಿ ಹೆಸರಿನ ಮೇಲೆ ಪುಟ್ಟ ಬಾಣ ಹಾಕದೆ ಮುಂದೆ ಹೋಗಬೇಡಿ. ‘ಎದುರಿಗೆ’ ಎಂಬ ಮಾತು ಸಮಸಂಖ್ಯೆಯ ಆಸನಗಳಿದ್ದಾಗ ಮಾತ್ರ ಖಚಿತ: ಆರರಲ್ಲಿ ಮೂರನೆಯದು, ಎಂಟರಲ್ಲಿ ನಾಲ್ಕನೆಯದು. ಇನ್ನೊಂದು: ‘ಎಡಕ್ಕೆ ಎರಡನೆಯವನು’ ಎಂದರೆ ನಡುವೆ ಒಬ್ಬ, ಇಬ್ಬರಲ್ಲ.

ಸಮಯ ಸಾಲದು. ಒಂದು ಆಟಕ್ಕೆ ಎಷ್ಟು ಕೊಡಬೇಕು? ಗೊತ್ತಿಲ್ಲದ್ದಕ್ಕೆ ಗುರುತು ಹಾಕಬಹುದೇ? (ಮಂಗಳೂರು)

ಐಲೆಟ್‌ನಲ್ಲಿ 120 ನಿಮಿಷಕ್ಕೆ 150 ಪ್ರಶ್ನೆ, ತಲಾ 48 ಸೆಕೆಂಡು. ಎಲ್‌ಸ್ಯಾಟ್‌ನಲ್ಲಿ ಒಂದು ಆಟಕ್ಕೆ 8 ನಿಮಿಷ 45 ಸೆಕೆಂಡು ಸಿಗುತ್ತಿತ್ತು. ಹಳೆಯ ಪುಸ್ತಕದಿಂದ ಅಭ್ಯಾಸ ಮಾಡುವವರು ಆ ಗತಿಯನ್ನೇ ರೂಢಿಸಿಕೊಂಡರೆ ಐಲೆಟ್‌ನಲ್ಲಿ ಹಿಂದೆ ಬೀಳುತ್ತಾರೆ. ಐದು ಪ್ರಶ್ನೆಗಳ ಒಂದು ಗುಂಪಿಗೆ ಐದು ನಿಮಿಷ ಮಿತಿ ಇಟ್ಟುಕೊಳ್ಳಿ. ಸಾಮಾನ್ಯ ಜ್ಞಾನದ 30 ಪ್ರಶ್ನೆಗಳು 12 ನಿಮಿಷದಲ್ಲಿ ಮುಗಿಯಬೇಕು, ಏಕೆಂದರೆ ಅಲ್ಲಿ ಕೂತು ಯೋಚಿಸಿದರೆ ಉತ್ತರ ಹುಟ್ಟುವುದಿಲ್ಲ. ಉಳಿಸಿದ ನಿಮಿಷಗಳು ತರ್ಕಕ್ಕೆ.

ಯಾವ ಗುಂಪನ್ನು ಮೊದಲು ಹಿಡಿಯಬೇಕು? ಯಾರಿಗಾದರೂ ಜಾಗ ಖಚಿತವಾಗಿ ಕೊಟ್ಟಿರುವ, ‘ಪಕ್ಕದಲ್ಲೇ’, ‘ಕೂಡಲೇ’ ಎಂಬಂಥ ಗಟ್ಟಿ ನಿಯಮಗಳಿರುವ ಆಟ. ‘ಕನಿಷ್ಠ’, ‘ಹೆಚ್ಚೆಂದರೆ’ ತುಂಬಿರುವ, ಎಷ್ಟು ಜನ ಆಯ್ಕೆಯಾಗುತ್ತಾರೆಂದೇ ಹೇಳದ ಆಟವನ್ನು ಕೊನೆಗೆ ಬಿಡಿ. ಒಂದೂವರೆ ನಿಮಿಷದಲ್ಲಿ ಒಂದು ಹೆಸರೂ ಜಾಗಕ್ಕೆ ಕೂರದಿದ್ದರೆ ನಿಯಮವನ್ನು ತಪ್ಪಾಗಿ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು; ಚಿತ್ರ ಮತ್ತೆ ಬರೆಯುವ ಬದಲು ಮೂಲ ವಾಕ್ಯಕ್ಕೆ ಹಿಂತಿರುಗಿ ಒಂದೊಂದು ಪದ ಓದಿ.

ಊಹೆಯ ಲೆಕ್ಕ ಸರಳ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದು ಹಾಕಿದರೆ ಸರಾಸರಿ ಗಳಿಕೆ 0.0625, ಬಹುತೇಕ ಸೊನ್ನೆ. ಒಂದನ್ನು ಖಚಿತವಾಗಿ ತೆಗೆದರೆ 0.17, ಎರಡನ್ನು ತೆಗೆದರೆ 0.375. ಆಟದ ಪ್ರಶ್ನೆಗಳಲ್ಲಿ ಒಂದು ನಿಯಮ ಓಡಿಸಿದರೆ ಒಂದಾದರೂ ಆಯ್ಕೆ ಬೀಳುವುದೇ ಹೆಚ್ಚು. ಹಾಗೆ ಬಿದ್ದರೆ ಖಾಲಿ ಬಿಡಬೇಡಿ.

ರಕ್ತಸಂಬಂಧ ಮತ್ತು ದಿನದ ಲೆಕ್ಕ, ಸುಲಭವೆನಿಸಿದರೂ ತಪ್ಪುತ್ತದೆ. (ತುಮಕೂರು)

ಎರಡರಲ್ಲೂ ನಮ್ಮ ಮಾತಿನ ರೂಢಿ ಅಡ್ಡ ಬರುತ್ತದೆ. ಇವತ್ತು ಸೋಮವಾರವಾದರೆ ಮುಂದಿನ ಸೋಮವಾರಕ್ಕೆ ನಾವು ‘ಎಂಟು ದಿನಕ್ಕೆ’ ಎನ್ನುತ್ತೇವೆ. ಇವತ್ತನ್ನೂ ಎಣಿಸಿ ಹೇಳುವ ಲೆಕ್ಕ ಅದು. ಪರೀಕ್ಷೆ ಮೊದಲ ದಿನವನ್ನು ಎಣಿಸುವುದಿಲ್ಲ: ಮಂಗಳವಾರದಿಂದ ಸರಿಯಾಗಿ ಮೂರು ದಿನದ ನಂತರ ಎಂದರೆ ಶುಕ್ರವಾರ. ಆದರೆ ‘ನಡುವೆ ಸರಿಯಾಗಿ ಇಬ್ಬರು’ ಎಂದರೆ ಅಂತರ ಮೂರು. ಎರಡನೆಯ ಜಾಗದವನ ಜೋಡಿ ಐದನೆಯದರಲ್ಲಿ. ಹೆಬ್ಬೆರಳಿನಲ್ಲಿ ಎಣಿಸಿ ನೋಡಿ, ನಾಚಿಕೆ ಬೇಡ.

ಸಂಬಂಧದಲ್ಲಿ ಕನ್ನಡ ಶ್ರೀಮಂತ, ಇಂಗ್ಲಿಷ್ ಬಡವ. ‘ಅಂಕಲ್’ ದೊಡ್ಡಪ್ಪನೋ ಚಿಕ್ಕಪ್ಪನೋ ಸೋದರಮಾವನೋ ಆಗಬಹುದು. ‘ಬ್ರದರ್ ಇನ್ ಲಾ’ ಭಾವನೂ ಆಗಬಹುದು, ಮೈದುನನೂ ಆಗಬಹುದು. ‘ಕಸಿನ್’ ಗಂಡೋ ಹೆಣ್ಣೋ ಎಂದೂ ಹೇಳದು. ಓದಿದ ಕೂಡಲೇ ಒಂದು ಕನ್ನಡ ಪದ ಮನಸ್ಸಿಗೆ ಬಂದರೆ ಪ್ರಶ್ನೆ ಕೊಡದ ಮಾಹಿತಿಯನ್ನು ನೀವು ಸೇರಿಸಿಕೊಂಡಿದ್ದೀರಿ ಎಂದೇ ಅರ್ಥ. ಚಿಕ್ಕಪ್ಪನ ಮಗನನ್ನು ನಾವು ತಮ್ಮ ಎನ್ನುತ್ತೇವೆ. ಪರೀಕ್ಷೆಯಲ್ಲಿ ‘ಬ್ರದರ್’ ಒಂದೇ ತಂದೆತಾಯಿಯ ಮಗ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಹೇಳಿಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಹೆಸರು ನೋಡಿ ಗಂಡು ಹೆಣ್ಣು ನಿರ್ಧರಿಸಬೇಡಿ.

ನನಗೆ ದೃಷ್ಟಿ ಇಲ್ಲ. ಲಿಪಿಕಾರರ ಸಹಾಯದಿಂದ ಬರೆಯುತ್ತೇನೆ. ಚಿತ್ರವಿಲ್ಲದೆ ಈ ಒಗಟುಗಳನ್ನು ಮಾಡಲು ಸಾಧ್ಯವೇ? (ಧಾರವಾಡ)

ಸಾಧ್ಯ. ಆದರೆ ಚಿತ್ರವನ್ನು ಮಾತಿನಲ್ಲಿ ಅನುಕರಿಸಲು ಹೋದರೆ ಸೋಲುತ್ತೀರಿ, ವಿಧಾನವೇ ಬೇರೆ ಇರಬೇಕು. ಆರು ಜಾಗವಿದ್ದರೆ ಎಡಗೈಯ ಐದು ಬೆರಳು ಮತ್ತು ಬಲಗೈಯ ಹೆಬ್ಬೆರಳು. ಖಚಿತವಾದ ಹೆಸರಿನ ಬೆರಳನ್ನು ಮಡಚಿ. ನಿಯಮಗಳನ್ನು ಲಿಪಿಕಾರರಿಂದ ಎರಡು ಸಲ ಓದಿಸಿ, ಮೂರನೆಯ ಸಲ ನೀವೇ ಚುಟುಕಾಗಿ ಹೇಳಿ ‘ಸರಿಯೇ?’ ಎಂದು ಮೂಲ ವಾಕ್ಯದೊಂದಿಗೆ ಹೋಲಿಸಲು ಹೇಳಿ. ಆಮೇಲೆ ಚಿತ್ರದ ಬದಲು ಜೋಡಣೆಗಳನ್ನು ಅಕ್ಷರಮಾಲೆಯಾಗಿ ಬರೆಸಿ: ಚ-ಫ-ದ-ಅ-ಬ-ಈ, ಫ-ಚ-ದ-ಅ-ಬ-ಈ, ಹೀಗೆ. ಆಯ್ಕೆ ಬಂದಾಗ ‘ನಾಲ್ಕನೆಯ ಅಕ್ಷರಗಳನ್ನು ಓದಿ’ ಎಂದರೆ ಸಾಕು. ಬಾಣದ ಸರಪಣಿಗಳು ಮೂಲತಃ ಮಾತಿನವೇ, ಆದ್ದರಿಂದ ಆಯ್ಕೆಯ ಆಟಗಳನ್ನು ಮೊದಲು ಮಾಡಿ. ಎಂಟು ಜನರ ದುಂಡುಮೇಜನ್ನು ಕೊನೆಗೆ ಇಡಿ.

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಲಿಪಿಕಾರರನ್ನು ಬಳಸುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಎರಡು ಗಂಟೆಯ ಪರೀಕ್ಷೆಗೆ 40 ನಿಮಿಷ. ಟೇಲರ್ ಫ್ರೇಮ್ (ದೃಷ್ಟಿಯಿಲ್ಲದವರು ಮೊಳೆಗಳನ್ನು ಸಾಲಾಗಿ ಚುಚ್ಚಿ ಲೆಕ್ಕ ಮಾಡುವ ಹಲಗೆ), ಬ್ರೈಲ್ ಸ್ಲೇಟ್, ಅಬ್ಯಾಕಸ್ ಬಳಕೆಯೂ ಅದರಲ್ಲಿ ಇದೆ. ಟೇಲರ್ ಫ್ರೇಮಿನ ಒಂದು ಸಾಲು ಒಂದು ಜೋಡಣೆ ಎಂದು ಅಭ್ಯಾಸ ಮಾಡಿಕೊಂಡರೆ ಸಾಲು ಜೋಡಣೆಯ ಆಟಗಳಿಗೆ ಅದು ಬಹಳ ಒಳ್ಳೆಯ ಸಾಧನ. ಅರ್ಜಿ ತುಂಬುವಾಗಲೇ ಇದನ್ನೆಲ್ಲ ಬರಹದಲ್ಲಿ ಕೇಳಿ, ಒಪ್ಪಿಗೆಯ ಪ್ರತಿಯನ್ನು ಪರೀಕ್ಷೆಯ ದಿನ ಜೊತೆಗೆ ಒಯ್ಯಿರಿ. ಲಿಪಿಕಾರರೊಂದಿಗೆ ಮೊದಲೇ ಹತ್ತಾರು ಆಟ ಆಡಿ ನೋಡಲು ಅವಕಾಶವಿದ್ದರೆ ಬಿಡಬೇಡಿ.

‘ಒಂದು ನಿಯಮವನ್ನು ತೆಗೆದು ಅದರ ಬದಲು ಯಾವ ನಿಯಮ ಹಾಕಿದರೆ ಅದೇ ಪರಿಣಾಮ?’ ಎಂಬ ಪ್ರಶ್ನೆಯನ್ನು ಹಳೆಯ ಎಲ್‌ಸ್ಯಾಟ್‌ಗಳಲ್ಲಿ ನೋಡಿದೆ. ಇದಕ್ಕೆ ದಾರಿ ಇದೆಯೇ? (ಬೆಂಗಳೂರು)

ಇದೆ, ಎರಡು ಪರೀಕ್ಷೆ. ಹೊಸ ನಿಯಮ ಹಳೆಯ ಜೋಡಣೆಗಳಲ್ಲಿ ಯಾವುದನ್ನಾದರೂ ಹೊರಗೆ ಹಾಕುತ್ತದೆಯೇ? ಹೊಸ ಜೋಡಣೆ ಯಾವುದನ್ನಾದರೂ ಒಳಗೆ ಬಿಡುತ್ತದೆಯೇ? ಎರಡಕ್ಕೂ ‘ಇಲ್ಲ’ ಎಂದರೆ ಅದೇ ಉತ್ತರ.

ಸಾಕ್ಷಿಗಳ ಆಟಕ್ಕೆ ಹೋಗೋಣ. ‘ಚಂದ್ರಿಕಾ ಅನಸೂಯಾಳಿಗಿಂತ ಮೊದಲು’ ಎಂಬ ನಿಯಮ 2ನ್ನು ತೆಗೆಯಿರಿ. ಬದಲಿಗೆ ‘ಚಂದ್ರಿಕಾ ಫಾತಿಮಾಳಿಗಿಂತ ಮೊದಲು’ ಹಾಕಿದರೆ? ಫ-ಚ-ದ-ಅ-ಬ-ಈ ಹೊರಗೆ ಹೋಯಿತು, ತಪ್ಪು. ‘ಚಂದ್ರಿಕಾ ಕೊನೆಯವಳಲ್ಲ’ ಹಾಕಿದರೆ? ಅ-ಬ-ದ-ಚ-ಈ-ಫ ಒಳಗೆ ಬಂತು, ಅದೂ ತಪ್ಪು. ‘ಚಂದ್ರಿಕಾ ದೇವಪ್ಪನಿಗಿಂತ ಮೊದಲು’ ಎಂಬುದು ಸರಿ: ಅವಳು 1 ಅಥವಾ 2ರಲ್ಲಿ ಕೂತರೆ ಅಬ ಪೆಟ್ಟಿಗೆಗೆ 1-2 ಸಿಗದು, ಅದೇ ಆರು ಜೋಡಣೆ ಉಳಿಯುತ್ತವೆ.

‘ಅನಸೂಯಾ ದೇವಪ್ಪನ ನಂತರ’ ಎಂಬ ಆಯ್ಕೆ ಇದ್ದರೆ ಹೆಚ್ಚಿನವರು ನೋಡದೆಯೇ ಬಿಡುತ್ತಾರೆ, ಅದರಲ್ಲಿ ಚಂದ್ರಿಕಾಳ ಹೆಸರೇ ಇಲ್ಲವಲ್ಲ ಎಂದು. ಪರೀಕ್ಷಿಸಿ. ಅಬ 4-5ರಲ್ಲಿದ್ದು ಚ ಆರಕ್ಕೆ ಹೋದರೆ ಈರಣ್ಣ 1 ಅಥವಾ 2ರಲ್ಲಿ ಕೂರಬೇಕು. ಆಗ ಫ ಆರರಲ್ಲಿ ಇರಬೇಕು, ಅಲ್ಲಿ ಚ ಇದ್ದಾಳೆ. ಆಗದು. ಅಬ 5-6ರಲ್ಲಿದ್ದು ಚ ನಾಲ್ಕಕ್ಕೆ ಹೋದರೂ ಈರಣ್ಣ 1 ಅಥವಾ 2ರಲ್ಲೇ. ಆಗ ಫ ಆರರಲ್ಲಿ ಇರಬೇಕು, ಅಲ್ಲಿ ಬ ಇದ್ದಾನೆ. ಆಗದು. ಎರಡೂ ಕಡೆ ಚಂದ್ರಿಕಾ 1-2ಕ್ಕೇ ಮರಳಿದಳು. ಅದೇ ಆರು ಜೋಡಣೆ, ಹಾಗಾಗಿ ಇದೂ ಸರಿ ಉತ್ತರವಾಗಬಲ್ಲದು.